ಕ್ರಿಸ್ಮಸ್‌ನೊಳಗೆ ಕಟ್ಟ, ಕೊಯ್ಲು, ಜೆಟ್: ಯಾವುದು ಮೊದಲು?
(ಬೆಳೆಗಾರರ ಚರ್ಚೆ. ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು.)

ತೋಡಕರೆ
ಬದಿಯಡ್ಕದಿಂದ ಒಳಗೆ, ತೋಡಿನ ಬದಿಯ ಎರಡೆಕರೆ ಅಡಿಕೆ ತೋಟ. ಮರ 1,100ರ ಹತ್ತಿರ, ಅದರಲ್ಲಿ ಮೂರು ವರ್ಷದ ಸಸಿ 200. ಒಂದನೇ ಕೊಯ್ಲು ಹಣ್ಣಾಗಿ ನಿಂತಿದೆ. ಬೇಸಗೆಯ ನೀರಿಗೆ ತೋಡಿಗೆ ಅಡ್ಡ ಹಾಕುವ ಹಳೇ ಕಟ್ಟದ ಜಾಗ ಉಂಟು, ಅಗಲ 15 ಅಡಿ, ತಳ ಪಾರೆ (ಬಂಡೆ). ಈಗ ತೋಡಿನಲ್ಲಿ ಮೊಣಕಾಲಿನ ನೀರು. ಕೆಲಸದವರಲ್ಲಿ ಇಬ್ಬರು ಡಿಸೆಂಬರ್ 22ಕ್ಕೆ ಕ್ರಿಸ್ಮಸ್ ಹಬ್ಬಕ್ಕೆ ಹೋದರೆ ಬರುವುದು ವರ್ಷ ಕಳೆದೇ. ಸಿಗುವುದು ಎರಡು ವಾರ. ಕಟ್ಟ ಹಾಕುವುದು, ಅಡಿಕೆ ಕೊಯ್ಲು, ತೋಟಕ್ಕೆ ನೀರು ಚಿಮ್ಮಿಸುವ ಜೆಟ್ ಲೈನು ಸರಿ ಮಾಡುವುದು: ಯಾವುದರಿಂದ ಶುರು ಮಾಡುವುದು?

ಕಟ್ಟದ ಕೆಲಸ
ಕೊಯ್ಲು ಮೊದಲು, ಕಟ್ಟ ಆಮೇಲೆ, ಜೆಟ್ ಎರಡರ ನಡುವೆ. ಹಣ್ಣಾದ ಅಡಿಕೆಗೆ ಬಿಸಿಲು ಸಿಗಬೇಕು, ಅದಕ್ಕೆ ಕಾಯುವ ವ್ಯವಧಾನ ಇಲ್ಲ. ಕಟ್ಟಕ್ಕೆ ಮೊಣಕಾಲಿನ ನೀರು ಹೆಚ್ಚಾಯಿತು. ಪಾದದ ಗಂಟಿನ ಮೇಲೆ ಒಂದು ಗೇಣು ಅನ್ನುವಷ್ಟಕ್ಕೆ ಇಳಿಯಲಿ. ಆಗ ಹರಿವನ್ನು ಒಂದು ಬದಿಗೆ ತಿರುಗಿಸಿ ಒಣ ತಳದಲ್ಲಿ ಕೆಲಸ ಮಾಡಬಹುದು. ನೀರಿನಲ್ಲಿ ಮುಳುಗಿಸಿ ಇಟ್ಟ ಚೀಲದ ಅಡಿಯಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಸೋರಿಕೆ ಶುರುವಾಗುವುದು ಅಲ್ಲಿಂದಲೇ.

ಚೀಲ ತುಂಬಿಸುವುದು, ಶೀಟು ತರುವುದು, ದಬ್ಬೆ (ಅಡಿಕೆ ಮರದ ಸೀಳು) ಸೀಳುವುದು ಇದನ್ನೆಲ್ಲ ಈಗಲೇ ಮಾಡಿ ಕರೆಯಲ್ಲಿ (ತೋಡಿನ ದಡದಲ್ಲಿ) ರಾಶಿ ಹಾಕಿ. ಸಾಮಾನು ಸಿದ್ಧ ಇದ್ದರೆ ಕಟ್ಟುವ ಕೆಲಸ ನಾಲ್ಕು ಜನಕ್ಕೆ ಒಂದೂವರೆ ದಿನದ್ದು.

ಪೆರ್ಲ ಪೇಟೆ
ಡಿಸೆಂಬರ್ ನಡುವಿನವರೆಗೆ ಕಟ್ಟದ ಸುದ್ದಿಯೇ ಬೇಡ ಎಂದು ನನ್ನ ಲೆಕ್ಕ. 2024ರಲ್ಲಿ ಫೆಂಗಲ್ ಚಂಡಮಾರುತದ ಉಳಿಕೆ ಈ ಕಡೆ ಬಂದು ಡಿಸೆಂಬರ್ ಮೊದಲ ವಾರದಲ್ಲಿ ಮಳೆಗಾಲದ ಹಾಗೆ ಸುರಿಯಿತಲ್ಲ. ಅಂಥ ಒಂದು ರಾತ್ರಿ ಸಾಕು, ಚೀಲ ಶೀಟು ಎಲ್ಲ ಹೊಳೆ ಪಾಲು. ಧನು ಸಂಕ್ರಮಣ ಕಳೆಯಲಿ.

ಕಟ್ಟದ ಕೆಲಸ
ಪೆರ್ಲದವರೇ, ಕಾಯುವುದಕ್ಕೂ ಒಂದು ಮಿತಿ ಉಂಟು. ಜನವರಿಗೆ ಹೋದರೆ ಕಟ್ಟ ತುಂಬುವಷ್ಟು ಹರಿವೇ ಇಲ್ಲದ ತೋಡುಗಳು ಎಷ್ಟಿಲ್ಲ? ದಿನಾಂಕ ಬಿಡಿ, ನೀರಿನ ಮಟ್ಟ ಮತ್ತು ಮುಂದಿನ ನಾಲ್ಕೈದು ದಿನದ ಹವಾಮಾನ ಎರಡನ್ನೇ ನೋಡುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಸುದ್ದಿ ಇದ್ದರೆ ಕಾಯಿರಿ, ಇಲ್ಲದಿದ್ದರೆ ಕಟ್ಟಿ.

ತೋಡಕರೆಯವರಿಗೆ ಲೆಕ್ಕ ಹೇಳುತ್ತೇನೆ. 15 ಅಡಿ ಅಗಲ, 4 ಅಡಿ ಎತ್ತರ ಎಂದು ಇಟ್ಟುಕೊಳ್ಳಿ. ತಳದಲ್ಲಿ ಕಟ್ಟದ ದಪ್ಪ 6 ಅಡಿ, ತಲೆಯಲ್ಲಿ 2 ಅಡಿ. ಇದರ ಗಾತ್ರ ಸುಮಾರು ಆರು ಮುಕ್ಕಾಲು ಘನ ಮೀಟರ್. ಮುಕ್ಕಾಲು ತುಂಬಿಸಿದ ಸಿಮೆಂಟು ಚೀಲ ಮಲಗಿಸಿದಾಗ ಹಿಡಿಯುವ ಜಾಗ ನೋಡಿದರೆ 250 ಚೀಲ ಬೇಕು, ಹರಿದದ್ದು ಒಡೆದದ್ದು ಸೇರಿ 280 ಇರಲಿ. ಚೀಲವನ್ನು ಬಿಗಿಯಾಗಿ ತುಂಬಿಸಬೇಡಿ. ತುಂಬಿದ ಚೀಲ ಉರುಟಾಗಿ ನಿಲ್ಲುತ್ತದೆ, ಎರಡರ ನಡುವೆ ಸಂದಿ ಉಳಿಯುತ್ತದೆ. ಮುಕ್ಕಾಲು ತುಂಬಿದ್ದು ಕೆಳಗಿನದ್ದರ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ತುಂಬಿಸಲು ಕಟ್ಟದಿಂದ ಮೇಲೆ, ನೀರು ನಿಲ್ಲುವ ಕಡೆಯ ಹೂಳನ್ನೇ ಎತ್ತಿ, ಹೊಂಡವೂ ಆಳವಾಗುತ್ತದೆ.

ಎತ್ತರದ ಆಸೆ ಬೇಡ. 4 ಅಡಿ ನೀರು ನಿಂತರೆ ಕಟ್ಟದ ಪ್ರತಿ ಮೀಟರ್ ಉದ್ದಕ್ಕೆ 700 ಕೆಜಿ ಮೀರಿದ ಒತ್ತಡ, ಇಡೀ 15 ಅಡಿಗೆ ಮೂರು ಟನ್ ದಾಟುತ್ತದೆ. ಎತ್ತರ ಎರಡು ಪಟ್ಟು ಮಾಡಿದರೆ ಒತ್ತಡ ನಾಲ್ಕು ಪಟ್ಟು. ಹಳೆಯವರು ಎರಡು ಸಾಲು ಕಲ್ಲು ಕಟ್ಟಿ ನಡುವೆ ಮಣ್ಣು ಮೆಟ್ಟಿ ನಿಲ್ಲಿಸುತ್ತಿದ್ದ ಕಟ್ಟಗಳಿಗೂ ತಳ ಅಗಲವೇ ಇತ್ತು.

ಸುರಂಗನೀರು
ಶೀಟಿನ ವಿಷಯ ಬಿಟ್ಟಿರಿ, ಅಣ್ಣ.

ಕಟ್ಟದ ಕೆಲಸ
ಬರುತ್ತಿದ್ದೆ. 250 ಜಿಎಸ್‌ಎಂ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಶೀಟು, 30 ಅಡಿಗೆ 15 ಅಡಿಯದ್ದು, ಒಂದೇ ತುಂಡು. ಜೋಡಿಸಿದ್ದು ಬೇಡ. ಶೀಟು ಹಾಕುವುದು ನೀರು ನಿಲ್ಲುವ ಬದಿಗೆ. ಕಟ್ಟದ ಬುಡದಿಂದ ಮೇಲ್ಭಾಗಕ್ಕೆ 4–5 ಅಡಿ ತೋಡಿನ ತಳದಲ್ಲಿ ಹಾಸಿ, ಅದರ ಅಂಚನ್ನು ಒಂದಡಿ ಆಳದ ಚರಂಡಿಯಲ್ಲಿ ಇಳಿಸಿ ಜೇಡಿಮಣ್ಣು ಮೆಟ್ಟಿ ಮುಚ್ಚಬೇಕು. ನಿಮ್ಮದು ಪಾರೆಯಾದ್ದರಿಂದ ಚರಂಡಿ ತೆಗೆಯಲಾಗದು. ಅಲ್ಲಿ ಪಾರೆಯನ್ನು ಹಿಡಿಸೂಡಿಯಲ್ಲಿ ಉಜ್ಜಿ ಪಾಚಿ ತೆಗೆದು, ಕಲಸಿದ ಜೇಡಿಮಣ್ಣು ಮೂರು ಬೆರಳು ದಪ್ಪಕ್ಕೆ ಮೆತ್ತಿ, ಅದರ ಮೇಲೆ ಶೀಟು, ಶೀಟಿನ ಮೇಲೆ ಒಂದು ಸಾಲು ಚೀಲ. ಎರಡೂ ಕರೆಯಲ್ಲಿ ಶೀಟು ಕನಿಷ್ಠ ಒಂದೂವರೆ ಅಡಿ ದಡದ ಮಣ್ಣಿನೊಳಗೆ ಹೋಗಬೇಕು.

ಕಟ್ಟ ಹೋಗುವುದು ಹೆಚ್ಚಾಗಿ ಕರೆಯಿಂದಲೇ, ನಡುವಿನಿಂದ ಅಲ್ಲ. ಏಡಿ ಮಾಟೆ, ಕೊಳೆತ ಬೇರಿನ ತೂತು, ಹಳೇ ಹೆಗ್ಗಣದ ದಾರಿ. ಚೀಲ ಇಡುವ ಮೊದಲು ಎರಡೂ ಕರೆಯನ್ನು ಮೆಲ್ಲ ಕೆರೆದು ನೋಡಿ, ತೂತು ಕಂಡಲ್ಲಿ ಬಗೆದು ಜೇಡಿಮಣ್ಣಿನ ಉಂಡೆ ಗಿಡಿಯಿರಿ. ಶೀಟು ಹರಿಯುವುದು ಕಲ್ಲಿನ ಮೊನೆಗೆ. ಚೀಲದ ಮುಖಕ್ಕೆ ಹಳೇ ಗೋಣಿ ಹಾಸಿ ಅದರ ಮೇಲೆ ಶೀಟು ಎಳೆದರೆ ಬಾಳಿಕೆ ಬರುತ್ತದೆ.

ನಡುವೆ 3 ಅಡಿ ಅಗಲಕ್ಕೆ ಅರ್ಧ ಅಡಿ ತಗ್ಗು ಬಿಡಿ, ಹೆಚ್ಚಿನ ನೀರು ಅಲ್ಲಿಂದಲೇ ಬೀಳಲಿ. ಬೀಳುವ ಜಾಗದಲ್ಲಿ ಚಪ್ಪಡಿ ಕಲ್ಲು ಇಲ್ಲವೇ ಅಡಿಕೆ ದಬ್ಬೆ ಹಾಸಿ. ಪಾರೆ ಇದ್ದರೆ ಈ ಚಿಂತೆ ಇಲ್ಲ, ಮಣ್ಣಿನ ತಳದವರು ಮರೆತರೆ ಬುಡ ಕೊರೆಯುತ್ತದೆ.

ಎಣ್ಮಕಜೆ ಕಡೆ
ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ಒಂದೇ ತೋಡಿನಲ್ಲಿ ನಾಲ್ಕೈದು ಕಟ್ಟ ಇದ್ದರೆ ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತಾ ಬರುವುದು ಒಳ್ಳೆಯದು. ಮೇಲಿನವ ಮೊದಲು ಮುಚ್ಚಿದರೆ ಅವನದ್ದು ತುಂಬಿ ಉಕ್ಕುವವರೆಗೆ ಕೆಳಗೆ ಒಣಗು, ಜಗಳ. ಏತಡ್ಕದಂಥ ಕಡೆ ಕಟ್ಟಗಳ ಸಾಲು ಉಳಿದದ್ದು ಊರವರು ಒಟ್ಟಾಗಿ ಮಾಡಿಕೊಂಡು ಬಂದದ್ದರಿಂದ. ಒಬ್ಬನ ಕಟ್ಟ ಇಡೀ ತೋಡನ್ನು ಕಾಯುವುದಿಲ್ಲ.

ತೋಡಕರೆ
4 ಅಡಿ ನಿಲ್ಲಿಸಿದರೆ ಎರಡೆಕರೆಗೆ ಬೇಸಗೆ ಪೂರ್ತಿ ನೀರು ಸಾಕಾದೀತಾ?

ಜೆಟ್ಟಿನವ
ನಿಂತ ನೀರನ್ನು ಮಾತ್ರ ಲೆಕ್ಕ ಹಾಕಿದರೆ ಒಂದು ಸುತ್ತಿಗೂ ಸಾಲದು. ಹಿನ್ನೀರು 60 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 2 ಅಡಿ ಆಳ ಎಂದರೆ ಒಂದೂವರೆ ಲಕ್ಷ ಲೀಟರಿನ ಒಳಗೆ. ಸಿಪಿಸಿಆರ್‌ಐ (ತೋಟ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಶಿಫಾರಸಿನಂತೆ ಅಡಿಕೆ ಮರಕ್ಕೆ ಒಂದು ಸಲಕ್ಕೆ 175 ಲೀಟರ್. 1,100 ಮರಕ್ಕೆ 1,92,500 ಲೀಟರ್. ಕಟ್ಟದ ಲಾಭ ಬೇರೆ ಕಡೆ ಉಂಟು: ನೀರು ಎರಡೂ ಕರೆಯ ಮಣ್ಣಿಗೆ ಇಳಿದು ಬಾವಿ, ಕೆರೆಗಳ ಮಟ್ಟ ಹಿಡಿದಿಡುತ್ತದೆ, ಪಂಪಿಗೆ ಬೇಕಾದ ಹೊಂಡ ದಿನಾ ತುಂಬಿ ಬರುತ್ತದೆ. ಹಾಗಾಗಿ ಹರಿವು ನಿಲ್ಲುವ ಮೊದಲೇ ಕಟ್ಟಬೇಕು ಎನ್ನುವುದು.

ಸುತ್ತು ಹೀಗೆ: ನವೆಂಬರ್, ಡಿಸೆಂಬರಿನಲ್ಲಿ 7–8 ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚಿನಿಂದ 3–5 ದಿನಕ್ಕೊಮ್ಮೆ. ಡ್ರಿಪ್ ಆದರೆ ಮರಕ್ಕೆ ದಿನಕ್ಕೆ 16–20 ಲೀಟರ್ ಸಾಕು, ಅಂದರೆ ಇಡೀ ತೋಟಕ್ಕೆ ದಿನಕ್ಕೆ 22,000 ಲೀಟರಿನ ಒಳಗೆ. ನೀರು ಕಮ್ಮಿ ಇರುವವರು ಜೆಟ್ ಬಿಟ್ಟು ಡ್ರಿಪ್ಪಿಗೆ ಹೋದದ್ದು ಸುಮ್ಮನೆ ಅಲ್ಲ.

ನಿಮ್ಮ ಪಂಪು ನಿಜವಾಗಿ ಎಷ್ಟು ಎತ್ತುತ್ತದೆ ಎಂದು ಅಚ್ಚಾದ ಚೀಟಿ ನೋಡಬೇಡಿ. ತೋಟದ ತಲೆಗೆ 200 ಲೀಟರಿನ ಡ್ರಮ್ಮು ಇಟ್ಟು ಮೊಬೈಲಿನಲ್ಲಿ ಸಮಯ ಹಿಡಿಯಿರಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 18,000 ಲೀಟರ್, ಒಂದು ಸುತ್ತಿಗೆ ಹತ್ತು ಮುಕ್ಕಾಲು ಗಂಟೆ. ಸಂಜೆ ವೋಲ್ಟೇಜ್ ಇಳಿದ ಮೇಲೆ ಇನ್ನೊಮ್ಮೆ ಅಳೆಯಿರಿ, ವ್ಯತ್ಯಾಸ ಗೊತ್ತಾಗುತ್ತದೆ.

ಜೆಟ್ ಲೈನು ಮಳೆಗಾಲ ಪೂರ್ತಿ ಸುಮ್ಮನೆ ಬಿದ್ದದ್ದಲ್ಲವಾ, ಸೀದಾ ಪಂಪು ಹಾಕಬೇಡಿ. ಎಲ್ಲ ಲೈನಿನ ಕೊನೆಯ ಮುಚ್ಚಳ ಬಿಚ್ಚಿ ಐದು ನಿಮಿಷ ನೀರು ಹೊರಗೆ ಬಿಡಿ. ಕೆಸರು, ಇರುವೆ ಗೂಡು, ಸತ್ತ ಕಪ್ಪೆ ಎಲ್ಲ ಹೋಗಲಿ. ಆಮೇಲೆ ಮುಚ್ಚಳ ಹಾಕಿ ಜೆಟ್ ನೋಡಿ. ಕಟ್ಟಿಕೊಂಡ ನಳಿಕೆಗೆ ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ, ತೆಂಗಿನ ಹಿಡಿಕಡ್ಡಿ ಸಾಕು. ಮೊದಲನೇ ಜೆಟ್ಟಿನ ನೀರನ್ನು ಒಂದು ನಿಮಿಷ ಬಕೆಟಿಗೆ ಹಿಡಿದು ಅಳೆಯಿರಿ, ಹಾಗೆಯೇ ಕೊನೆಯದ್ದನ್ನೂ. ಕೊನೆಯದ್ದರಲ್ಲಿ ಮೊದಲನೆಯದ್ದಕ್ಕಿಂತ ಐದನೇ ಒಂದು ಪಾಲಿಗೂ ಮೀರಿ ಕಮ್ಮಿ ಬಂದರೆ ಒಂದು ವಾಲ್ವಿಗೆ ಜೆಟ್ ಜಾಸ್ತಿಯಾಗಿದೆ, ಲೈನನ್ನು ಎರಡು ಮಾಡಿ. ನಿಮಿಷಕ್ಕೆ 8 ಲೀಟರ್ ಬರುವ ಜೆಟ್ ನಾಲ್ಕು ಮರಕ್ಕೆ ನೀರು ಕೊಡುವುದಾದರೆ 700 ಲೀಟರಿಗೆ ಒಂದೂವರೆ ಗಂಟೆ ಬೇಕು. ಅರ್ಧ ಗಂಟೆ ಬಿಟ್ಟು ನೆಲ ಒದ್ದೆಯಾಯಿತು ಎಂದು ನಿಲ್ಲಿಸುವುದೇ ತುಂಬ ಕಡೆ ಆಗುವ ತಪ್ಪು.

ಫುಟ್‌ವಾಲ್ವ್ (ಪಂಪು ನೀರು ಹೀರುವ ಪೈಪಿನ ತುದಿ) ತೋಡಿನ ತಳಕ್ಕೆ ತಾಗಬಾರದು, ಒಂದಡಿ ಮೇಲೆ ಇರಲಿ. ಸುತ್ತ ಒಂದು ಹಳೇ ಬೆತ್ತದ ಬುಟ್ಟಿ ಕಟ್ಟಿದರೆ ತರಗೆಲೆ ಸಿಕ್ಕಿಕೊಳ್ಳುವುದಿಲ್ಲ. ಹಂದಿ ಮಗುಚಿದ ಪೈಪು ಜೋಡಿಸುವಾಗ ತುದಿ ಒಣಗಿಸಿ ಒರೆಸಿಯೇ ಅಂಟು ಹಚ್ಚಿ, ಒಂದು ರಾತ್ರಿ ಬಿಟ್ಟು ನೀರು ಕೊಡಿ.

ಅಂಗಳ
ಈಗ ಕೊಯ್ಲಿಗೆ ಬನ್ನಿ, ದುಡ್ಡು ಇರುವುದು ಅಲ್ಲಿ.

ಪೂರ್ತಿ ಹಣ್ಣಾದ ಗೊನೆ ಮಾತ್ರ ಇಳಿಸಿ. ಆಳು ಇದ್ದಾರೆ ಎಂದು ಅರೆ ಹಣ್ಣು ತೆಗೆದರೆ ಒಣಗಿದ ಮೇಲೆ ತಿರುಳು ಮುರುಟಿ ತೂಕ ಹೋಗುತ್ತದೆ. ಬೆಳಿಗ್ಗೆ ಮಂಜು ಬಿದ್ದ ಮರ ಜಾರುತ್ತದೆ, ಒಂಬತ್ತು ಗಂಟೆ ಕಳೆದ ಮೇಲೆ ಹತ್ತಲಿ. ಈಗ ಎಲ್ಲ ಕಡೆ ಬಂದಿರುವ ಕಾರ್ಬನ್ ಫೈಬರ್ ದೋಟಿಗೆ (ಗೊನೆ ಇಳಿಸುವ ಉದ್ದ ಕೋಲಿಗೆ) ಒಂದು ಎಚ್ಚರ: ಅದು ಕರೆಂಟ್ ಹಾಯಿಸುತ್ತದೆ. ಲೈನಿನ ಪಕ್ಕದ ಮರವನ್ನು ದೋಟಿಯಲ್ಲಿ ಮುಟ್ಟಲೇಬೇಡಿ, ಹತ್ತುವವರಿಗೇ ಬಿಡಿ, ಅದೂ ಲೈನ್ ಆಫ್ ಮಾಡಿಸಿ.

ಅಂಗಳದಲ್ಲಿ ಒಂದೇ ಪದರ. ಅಡಿಕೆಯ ಮೇಲೆ ಅಡಿಕೆ ಕೂರಬಾರದು. ಚದರಡಿಗೆ ಒಂದೂವರೆ ಕೆಜಿಯ ಹತ್ತಿರ ಹಿಡಿಯುತ್ತದೆ, ನಿಮ್ಮ ಕಾಯಿಯ ಗಾತ್ರಕ್ಕೆ ಒಂದು ಚೌಕದಲ್ಲಿ ತೂಗಿ ನೋಡಿಕೊಳ್ಳಿ. ಜಾಗ ಸಾಲದಿದ್ದರೆ ಕೊಯ್ಲನ್ನೇ ಎರಡು ಮಾಡಿ, ಪದರ ಎರಡು ಮಾಡಬೇಡಿ. ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ಆಗಲು 40–45 ಬಿಸಿಲು ಬೇಕು. ಮೊದಲ ಹದಿನೈದು ದಿನ ಮುಖ್ಯ. ಆಗ ಸಿಪ್ಪೆಯಲ್ಲಿ ನೀರು ಇರುತ್ತದೆ, ದಿನಕ್ಕೊಮ್ಮೆ ಕಾಲಿನಲ್ಲಿ ಗೋರಿ ಮಗುಚದಿದ್ದರೆ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಸಿಪ್ಪೆ ದಾಟಿ ತಿರುಳಿಗೆ ಇಳಿದರೆ ಸುಲಿದ ಮೇಲೆ ಆ ಅಡಿಕೆ ಪಟೋರ, ಕರಿಗೋಟು ಎಂಬ ಕೆಳ ದರ್ಜೆಗೆ ಹೋಗುತ್ತದೆ, ಅರ್ಧ ದರವೂ ಸಿಗದು.

ಸಾಕಾಯಿತಾ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ತಿರುಳು ಒಳಗೆ ಗಲಗಲ ಎನ್ನಬೇಕು. ಹತ್ತು ಅಡಿಕೆ ಅಲ್ಲಲ್ಲಿಂದ ಹೆಕ್ಕಿ ನೋಡಿ, ಅಂಗಳದ ನೆರಳು ಬೀಳುವ ಮೂಲೆಯದ್ದನ್ನು ಮರೆಯಬೇಡಿ.

ಹಟ್ಟಿಮನೆ
ರಾತ್ರಿ ಅಡಿಕೆಯನ್ನು ಗೋರಿ ರಾಶಿ ಮಾಡಿ ಮುಚ್ಚುವುದು ಬೇಕಾ? ಇಬ್ಬನಿ ಜೋರು ಈಗ.

ಅಂಗಳ
ಹಸಿ ಅಡಿಕೆಯನ್ನು ಟರ್ಪಾಲಿನ ಅಡಿಯಲ್ಲಿ ರಾಶಿ ಮಾಡಿದರೆ ಬೆವರುತ್ತದೆ, ಇಬ್ಬನಿಗಿಂತ ಅದು ಕೆಟ್ಟದು. ಇಬ್ಬನಿ ಹತ್ತು ಗಂಟೆಯ ಬಿಸಿಲಿಗೆ ಹಾರಿ ಹೋಗುತ್ತದೆ. ಮೋಡ ಕಂಡರೆ ಮಾತ್ರ ಮುಚ್ಚಿ. ಮುಚ್ಚುವಾಗಲೂ ನಡುವೆ ದಬ್ಬೆ ನಿಲ್ಲಿಸಿ ಶೀಟು ಅಡಿಕೆಗೆ ತಾಗದ ಹಾಗೆ ಎತ್ತರಿಸಿ, ಎರಡು ತುದಿ ತೆರೆದಿಡಿ. ಪ್ಲಾಸ್ಟಿಕ್ ಗೂಡು ಇದ್ದವರಿಗೆ ಈ ತಲೆಬಿಸಿ ಇಲ್ಲ. ಆದರೆ ಗೂಡಿನ ತಲೆಯಲ್ಲಿ ಗಾಳಿ ಹೋಗಲು ದಾರಿ ಬಿಡದಿದ್ದರೆ ಬೆಳಿಗ್ಗೆ ಶೀಟಿನ ಒಳಗಿನಿಂದ ನೀರು ತೊಟ್ಟಿಕ್ಕಿ ಅಂಗಳಕ್ಕಿಂತ ಬೇಗ ಬೂಷ್ಟು ಬರುತ್ತದೆ.

ಪೆರ್ಲ ಪೇಟೆ
ಇದಕ್ಕೆ ನನ್ನ ಒಪ್ಪಿಗೆ ಅರ್ಧ. ಮೂರು ವಾರ ಒಣಗಿದ್ದಕ್ಕೆ ಸಂಜೆ ಗೋರಿ ಹೊದೆಸಿದರೆ ಬಿಸಿ ಉಳಿಯುತ್ತದೆ, ಒಣಗುವುದೂ ಬೇಗ. ಹಸಿಯದ್ದಕ್ಕೆ ಬೇಡ, ಅದು ಸರಿ.

ಹಟ್ಟಿಮನೆ
ಸಸಿಯನ್ನು ಯಾರೂ ಹೇಳಲಿಲ್ಲ. 200 ಸಸಿಗೆ ನೈಋತ್ಯದ ಬಿಸಿಲು ಇನ್ನು ತಾಗಲು ಶುರು. ಕಾಂಡದ ಆ ಬದಿ ಹಳದಿಯಾಗಿ, ಕಂದಾಗಿ, ಆಮೇಲೆ ಸೀಳುತ್ತದೆ. ಮರ ಬೆಳೆದ ಮೇಲೆ ಗಾಳಿಗೆ ಮುರಿಯುವುದು ಅದೇ ಜಾಗದಲ್ಲಿ. ಒಣ ಸೋಗೆ ಅಥವಾ ಹಾಳೆಯನ್ನು ನೈಋತ್ಯ ಬದಿಗೆ ಕಟ್ಟಿ, ಕಟ್ಟುವ ಹಗ್ಗ ಸಡಿಲ ಇರಲಿ. ಸುಣ್ಣ ಬಳಿದರೂ ಆದೀತು. ಎಲೆಚುಕ್ಕಿ ರೋಗ ಬಂದ ತೋಟದ ಸೋಗೆ ಮಾತ್ರ ತಂದು ಸಸಿಗೆ ಕಟ್ಟಬೇಡಿ, ರೋಗವನ್ನೇ ಮನೆಗೆ ಕರೆದ ಹಾಗೆ.

ದನ ಇದ್ದರೆ ಹಟ್ಟಿಗೆ ಹಾಕುವ ತರಗೆಲೆ ಗುಡಿಸಲು ಇದೇ ಸಮಯ. ಇಬ್ಬನಿ ಆರಿದ ಮೇಲೆ, ಮಧ್ಯಾಹ್ನ ಗುಡಿಸಿದ್ದು ಗೊಬ್ಬರದ ಕೊಟ್ಟಿಗೆಯಲ್ಲಿ ವರ್ಷ ಇಟ್ಟರೂ ಕೆಡದು. ಮರಕ್ಕೆ ವರ್ಷಕ್ಕೆ 12 ಕೆಜಿ ಹಟ್ಟಿಗೊಬ್ಬರ, 12 ಕೆಜಿ ಸೊಪ್ಪು ಎಂದು ಲೆಕ್ಕ. 1,100 ಮರಕ್ಕೆ ಗೊಬ್ಬರವೇ 13 ಟನ್ ಮೀರುತ್ತದೆ. ಕಾಸರಗೋಡು ಗಿಡ್ಡ ತಳಿಯ ದನ ಎರಡು ಕಟ್ಟಿದ ಮಾತ್ರಕ್ಕೆ ಅಷ್ಟು ಸಗಣಿ ಎಲ್ಲಿಂದ? ತರಗೆಲೆ ಹೆಚ್ಚು ಹಾಕಿದವನಿಗೆ ಮಾತ್ರ ಲೆಕ್ಕ ಹತ್ತಿರ ಬರುತ್ತದೆ.

ಸುರಂಗನೀರು
ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲ) ಇದ್ದವರು ಅದರ ನೀರನ್ನು ಈಗಲೇ ಅಳೆದಿಡಿ. 15 ಲೀಟರ್ ಬಕೆಟ್ 3 ನಿಮಿಷಕ್ಕೆ ತುಂಬಿದರೆ ದಿನಕ್ಕೆ 7,200 ಲೀಟರ್. ಡ್ರಿಪ್ಪಿನಲ್ಲಿ 360 ಮರಕ್ಕೆ ಸಾಕು, ಪಂಪೇ ಬೇಡ. ಒಳಗಿನ ಮಣ್ಣಿನ ಒಡ್ಡು ಮಳೆಗಾಲದಲ್ಲಿ ಹೂಳು ತುಂಬಿರುತ್ತದೆ, ತೆಗೆದರೆ ಪೈಪಿನ ಬಾಯಿ ಕಟ್ಟುವುದಿಲ್ಲ. ಒಬ್ಬರೇ ಒಳಗೆ ಹೋಗಬೇಡಿ. ಮಾಡಿನಿಂದ ಹೊಸ ಮಣ್ಣು ಉದುರಿದ್ದು ಕಂಡರೆ, ಇಲ್ಲವೇ ಮೊಂಬತ್ತಿ ಮಂಕಾದರೆ ವಾಪಸ್ ಬನ್ನಿ.

ಬೇಳ ಕಡೆ
ಕೆಲಸದವರ ವಿಷಯ. ಬೇಳದ ಸುತ್ತಿನವರಾದರೆ 22ರಿಂದ ಅಲ್ಲ, 20ರಿಂದಲೇ ಮನಸ್ಸು ಮನೆಯಲ್ಲಿ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವುದು ಆ ವಾರ. ಎರಡು ವಾರದ ಸಂಬಳ, ಕೊಡುವುದಿದ್ದರೆ ಮುಂಗಡ, 20ಕ್ಕೇ ಕೈಗೆ ಕೊಡಿ, 24ಕ್ಕೆ ಅಲ್ಲ. ತೆಂಗಿನಕಾಯಿ ಕೊಯ್ಲು ಬಾಕಿ ಇದ್ದರೆ 15ರ ಒಳಗೆ ಮುಗಿಸಿ, ಅವರಿಗೂ ಬೇಕು. ಕಿಡಿಯೊ, ಗುಳಿಯೊ ಎರಡಕ್ಕೂ ತೆಂಗಿನ ಹಾಲು, ನೆವ್ರಿಯ ಹೂರಣಕ್ಕೆ ಕೊಬ್ಬರಿ. ಹಾಲು ದಪ್ಪ ಬರಬೇಕಾದರೆ ಚೆನ್ನಾಗಿ ಬಲಿತ ಕಾಯಿ ಬೇಕು.

ಮಕ್ಕಳಿಗೆ ಶಾಲೆಯ ಕ್ರಿಸ್ಮಸ್ ರಜೆ ಶುರುವಾದರೆ ಅಡಿಕೆ ಹೆಕ್ಕಲು ಕೈ ಸಿಗುತ್ತದೆ ಎಂದು ಎಣಿಸಬೇಡಿ. ಗೋದಲಿ ಕಟ್ಟುವುದರಲ್ಲೇ ಇರುತ್ತಾರೆ. ಅದಕ್ಕೆ ಬೈಹುಲ್ಲು ಒಂದು ಸೂಡಿ ಬೇರೆ ತೆಗೆದಿಡಿ, ಇಲ್ಲದಿದ್ದರೆ ದನದ್ದೇ ಹೋಗುತ್ತದೆ. ಹಸಿರಿಗೆ ಚಿಪ್ಪಿನಲ್ಲಿ ಭತ್ತ ಅಥವಾ ರಾಗಿ ಬಿತ್ತುವವರು 12ರ ಹೊತ್ತಿಗೆ ಬಿತ್ತಿದರೆ 24ಕ್ಕೆ ಗೇಣುದ್ದ ಬರುತ್ತದೆ. ಈ ಚಳಿಗೆ ಮೊಳಕೆ ನಿಧಾನ, ಒಂದು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟೇ ಬಿತ್ತಿ.

ಕರಿಮೆಣಸು
ಬಳ್ಳಿ ಇದ್ದರೆ ಕಾಳುಮೆಣಸು ಈಗ ಬೇಡ, ಕದಿರಿನಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆ. ನಮ್ಮ ಕಡೆ ಅದು ಹೆಚ್ಚಾಗಿ ಹಬ್ಬ ಕಳೆದ ಮೇಲೆಯೇ. ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿ ಹಾಕಿ ಕುದಿವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ 3–4 ಬಿಸಿಲಿಗೆ ಒಣಗುತ್ತದೆ, ಬಣ್ಣ ಒಂದೇ ಥರ ಕಪ್ಪು. ಮೂರು ಕೆಜಿ ಹಸಿಗೆ ಒಂದು ಕೆಜಿ ಒಣ ಎಂದು ಹಿಡಿಯಿರಿ. ಅಂಗಳ ಅಡಿಕೆಗೆ ಹೋಗಿರುತ್ತದೆ, ಮೆಣಸಿಗೆ ಮಾಡಿನ ಮೇಲೆ ಚಾಪೆಯೇ ಗತಿ.

ತೋಡಕರೆ
ಎಲ್ಲರಿಗೂ ಉಪಕಾರ ಆಯಿತು. ಹಾಗಾದರೆ 7ರಿಂದ ಕೊಯ್ಲು, ನಡುವೆ ಚೀಲ ತುಂಬಿಸುವುದು, ಮಧ್ಯಾಹ್ನ ಮೇಲೆ ಲೈನು ತೊಳೆಯುವುದು, 16–17ಕ್ಕೆ ಕಟ್ಟ. ಒಂದೇ ಹೆದರಿಕೆ: ಮುಚ್ಚಿದ ಮೇಲೆ, ಜನ ಇಲ್ಲದ ಹಬ್ಬದ ವಾರದಲ್ಲಿ ಮಳೆ ಬಂದರೆ? ಒಬ್ಬನೇ ಚೀಲ ತೆಗೆಯಲು ಸಾಧ್ಯವಾ?

ಕಟ್ಟದ ಕೆಲಸ
ಸಾಧ್ಯ ಇಲ್ಲ, ನೀರು ಏರುವಾಗ ಕಟ್ಟದ ಮೇಲೆ ನಿಲ್ಲುವುದೇ ಅಪಾಯ. ಅದಕ್ಕೆ ಕಟ್ಟುವಾಗಲೇ ತಳದಲ್ಲಿ 6 ಇಂಚಿನ ಪಿವಿಸಿ ಪೈಪು ಅಡ್ಡ ಮಲಗಿಸಿ. ಎಂಟು ಅಡಿ ಉದ್ದ ಇರಲಿ, ಎರಡೂ ಬದಿ ಒಂದೊಂದು ಅಡಿ ಹೊರಗೆ. ಕಟ್ಟುವ ಹೊತ್ತಿಗೆ ತೋಡಿನ ಹರಿವು ಇದರಲ್ಲೇ ಹೋಗುತ್ತದೆ, ನಿಮಗೆ ತಳ ಒಣಗಿ ಸಿಗುತ್ತದೆ. ಶೀಟಿಗೆ ಪೈಪಿನ ಜಾಗದಲ್ಲಿ ಪೈಪಿಗಿಂತ ಸಣ್ಣ ತೂತು ಕೊಯ್ದು, ಎಳೆದು ತೂರಿಸಿ, ಸುತ್ತ ರಬ್ಬರ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ಕಟ್ಟಿ, ಜೇಡಿಮಣ್ಣು ಮೆತ್ತಿ.

ಎಲ್ಲ ಮುಗಿದ ಮೇಲೆ ನೀರಿನ ಬದಿಯ ಬಾಯಿಗೆ ಎಲ್ಬೋ ಹಾಕಿ, ಎಲ್ಬೋಗೆ ಒಂದು ಪೈಪು ನೆಟ್ಟಗೆ ನಿಲ್ಲಿಸಿ, ಅದರ ತಲೆ ಕಟ್ಟದ ನಡುವಿನ ತಗ್ಗಿಗಿಂತ ಕೆಳಗೇ ಇರಲಿ. ನೀರು ಆ ಪೈಪಿನ ತಲೆಯವರೆಗೆ ನಿಂತು, ಹೆಚ್ಚಾದದ್ದು ಅದರೊಳಗೆ ಬಿದ್ದು ಹೋಗುತ್ತದೆ. ನೆಟ್ಟಗಿನ ಪೈಪಿಗೆ ಅಂಟು ಹಚ್ಚಬೇಡಿ, ಗ್ರೀಸ್ ಸವರಿ ಒತ್ತಿ ಕೂರಿಸಿದರೆ ಸಾಕು. ಅದರ ತಲೆಗೆ ನೈಲಾನ್ ಹಗ್ಗ ಕಟ್ಟಿ ಕರೆಯ ಮರಕ್ಕೆ ಬಿಗಿಯಿರಿ. ಮಳೆಯ ಮುನ್ಸೂಚನೆ ಬಂದ ದಿನ ಕರೆಯಲ್ಲೇ ನಿಂತು ಹಗ್ಗ ಎಳೆದರೆ ಪೈಪು ಕಳಚುತ್ತದೆ, ಕಟ್ಟ ಖಾಲಿಯಾಗಲು ಶುರು. ದೊಡ್ಡ ನೆರೆಯನ್ನು 6 ಇಂಚು ಹೊರಲಾರದು, ಹಾಗಾಗಿ ಹಿಂದಿನ ದಿನವೇ ಎಳೆಯಬೇಕು.

ತೋಡಕರೆ
ಎಲ್ಬೋ ಕಟ್ಟದ ಬುಡಕ್ಕೆ ತಾಗಿಯೇ ಇರಬೇಕಾ?

ಕಟ್ಟದ ಕೆಲಸ
ಒಂದಡಿ ಬಿಟ್ಟು. ತಾಗಿದರೆ ಎಳೆಯುವಾಗ ಶೀಟಿಗೆ ಉಜ್ಜುತ್ತದೆ. ಪೈಪಿನ ಬಾಯಿಗೆ ಒಂದು ತುಂಡು ಬಲೆಯನ್ನೂ ಕಟ್ಟಿ, ಸೋಗೆ ತುಂಡು ಒಳಗೆ ಹೋದರೆ ತೆಗೆಯುವುದು ಕಷ್ಟ. ಮೇ ಕೊನೆಗೆ ಬಿಚ್ಚುವಾಗ ಶೀಟು, ಚೀಲ, ಪೈಪು ಎಲ್ಲ ಮೇಲೆ ತನ್ನಿ. ಚೀಲ ಬಿಸಿಲಿಗೆ ಹುಡಿಯಾಗದ ಹಾಗೆ ಮೇಲಿನ ಸಾಲಿಗೆ ಈಗಲೇ ಸೋಗೆ ಹೊದೆಸಿ.